ಬಾಗಿಲಿಗೊಂದು ಹೆಸರು

ಇಲ್ಲಿ ನಾನು ಹೇಳುವ ಹೆಸರುಗಳೆಲ್ಲ ಉಪ್ಪು ಹಾಕಿದ ಹೆಸರುಗಳು. ಯಾರು ಎಷ್ಟು ಕೂಗಿದರೂ ಅವಕ್ಕೆ ಇನ್ನು ಯಾರೂ ಓ ಅನ್ನುವುದಿಲ್ಲ, ಹಾಗಾಗಿ ಹೇಳಲು ಹೆದರಿಕೆಯಿಲ್ಲ. ಬದುಕಿರುವ ಹೆಸರುಗಳನ್ನು ಹೇಳುವುದಿಲ್ಲ, ನನ್ನದನ್ನೂ ಹೇಳುವುದಿಲ್ಲ. ಗಿರಣಿಯಲ್ಲಿ ನನಗೊಂದು ಹೆಸರಿದೆ, ಬಳೆಗಾರನ ಹತ್ತಿರ ಇನ್ನೊಂದು, ಕಟ್ಟಿಗೆ ಅಡ್ಡೆಯಲ್ಲಿ ಮತ್ತೊಂದು. ಸೂಲಗಿತ್ತಿಯ ಹತ್ತಿರವೂ ಒಂದಿತ್ತು, ಅದರ ಕೆಲಸ ಮುಗಿದು ಬಹಳ ಕಾಲವಾಯಿತು. ಮನೆಯೊಳಗೆ ಮಾತ್ರ ನಮ್ಮಲ್ಲಿ ಯಾರಿಗೂ ಹೆಸರಿಲ್ಲ. ಅತ್ತೆ, ಮಗ, ಸೊಸೆ, ಏ ಹುಡುಗಿ, ಲೇ, ಇಷ್ಟರಲ್ಲೇ ಸಂಸಾರ ನಡೆಯುತ್ತದೆ.

ನಮ್ಮ ಕಡೆ ಯಾರಾದರೂ ನಿಮ್ಮ ಹೆಸರು ಹಿಡಿದು ಕೂಗಿದರೆ, ಅವರು ಎಷ್ಟು ದೂರದಲ್ಲಿದ್ದರೂ ಆ ಹೆಸರು ನಿಮ್ಮ ಕಿವಿಗೆ ಬರುತ್ತದೆ. ಹೆಸರಷ್ಟೇ ಬರುತ್ತದೆ, ಕೂಗಿದವರ ದನಿ ಬರುವುದಿಲ್ಲ. ಓ ಅನ್ನುವ ತನಕ, ಇಲ್ಲವೇ ತಾನೇ ದಣಿಯುವ ತನಕ, ಅದು ಕಿವಿಗೆ ಹೊಕ್ಕ ಇರುವೆಯಂತೆ ಒಳಗೆ ಹರಿದಾಡುತ್ತದೆ. ಓ ಅಂದ ಮೇಲೆ ಮಾತು ತೆರೆಯುತ್ತದೆ, ಅವರ ಮಾತು ನಿಮಗೆ, ನಿಮ್ಮದು ಅವರಿಗೆ ಕೇಳುತ್ತದೆ. ಹೊಸ ಹೆಸರು ಬೇಕೆಂದರೆ ಕಷ್ಟವೇನಿಲ್ಲ. ಅವರು ಅದನ್ನು ಹಿಡಿದು ಒಂದು ಸಲ ಕರೆಯಬೇಕು, ನೀವು ಓಗೊಡಬೇಕು, ಅಲ್ಲಿಂದ ಅದು ನಿಮ್ಮದು. ಬೇಡವಾದರೆ ಒಂದು ಚಿಟಿಕೆ ಉಪ್ಪು ನಾಲಿಗೆಯ ಮೇಲೆ ಇಟ್ಟುಕೊಂಡು, ಆ ಹೆಸರನ್ನು ಕೊನೆಯ ಸಲ ಅಂದು, ಹರಿಯುವ ನೀರಿಗೆ ಉಗುಳಬೇಕು. ಉಗುಳಿದ ಹೆಸರನ್ನು ಮತ್ತೆ ಎತ್ತಿಕೊಳ್ಳಲು ಬರುವುದಿಲ್ಲ.

ಅದಕ್ಕೇ ನಮ್ಮ ಹಿರಿಯರು ಬಾಗಿಲಿಗೊಂದು ಹೆಸರು ಇಟ್ಟುಕೊಂಡರು. ಎಣ್ಣೆ ಅಂಗಡಿಯಲ್ಲಿ ನಾನು ತುಂಗವ್ವ ಆಗಿದ್ದೆ. ಒಂದು ದಿನ ತುಂಗವ್ವ ಎಂದು ಕಿವಿಗೆ ಬಂತು, ಓ ಅಂದರೆ ಯಾರೋ ಗಂಡಸು, ಗಾದಿ ಬೇಕೇನು ಅಂದ. ಆ ಹೆಸರು ಎಣ್ಣೆಯವಳಿಗಲ್ಲದೆ ಮತ್ತೊಬ್ಬರಿಗೆ ಗೊತ್ತಿರಲಿಲ್ಲ. ನೆಟ್ಟಗೆ ಅವಳ ಅಂಗಡಿಗೇ ಹೋದೆ.

"ನನ್ನ ಹೆಸರ ಯಾರ ಕೈಗೆ ಕೊಟ್ಟಿ?"

ಆಕೆ ಅಳತೆಯ ಪಾವಿನೊಳಗೆ ಇಣುಕಿ ನೋಡುತ್ತ ಅಂದಳು, "ನಮ್ಮ ಮೈದುನ ಗಾದಿ ಮಾರಾಕ ಹತ್ಯಾನ ಯಕ್ಕಾ. ನಾಕ ಹೆಸರ ಹೇಳ ವೈನಿ ಅಂದ. ನಿಂದು ನಾಲಿಗಿ ತುದಿಗೇ ಇತ್ತು, ಜಾರಿಬಿಡ್ತು."

"ಜಾರದ ಏನ್ ಮಾಡತೈತಿ. ನಾಲಿಗಿಗೂ ಎಣ್ಣಿ ಹಚಗೊಂಡ ಕುಂತಿ ಕಾಣತೈತಿ."

ಅಷ್ಟೇ, ಜಗಳವೇನೂ ಆಗಲಿಲ್ಲ. ಸಂಜೆ ಕಾಲುವೆಯ ದಂಡೆಗೆ ಹೋಗಿ ತುಂಗವ್ವನಿಗೆ ಉಪ್ಪು ಹಾಕಿ ಬಂದೆ. ಗಾದಿಯವನ ಕಾಟ ಅಲ್ಲಿಗೆ ಮುಗಿಯಿತು. ಗಿರಣಿಯವನಿಗಾಗಲಿ ಬಳೆಗಾರನಿಗಾಗಲಿ ಹೀಗೊಂದು ನಡೆದದ್ದು ಗೊತ್ತಾಗಲೂ ಇಲ್ಲ, ಅವರ ಹೆಸರುಗಳು ಅವರ ಹತ್ತಿರ ನೆಟ್ಟಗೇ ಉಳಿದವು.

ಚಂಪವ್ವ ಎನ್ನುವುದು ನನ್ನ ಸೊಸೆಯ ಹೆಸರಾಗಿತ್ತು. ಹೊಳೆಯ ಮೇಲ್ದಂಡೆಯ ಸಣ್ಣ ಹಳ್ಳಿಯ ಹುಡುಗಿ. ಅಲ್ಲಿ ಗಿರಣಿಯಿಲ್ಲ, ಅಂಗಡಿಯಿಲ್ಲ, ಕೂಗುವವರೆಲ್ಲ ನೆರೆಹೊರೆಯವರು. ತೊಟ್ಟಿಲಲ್ಲಿ ಇಟ್ಟ ಒಂದೇ ಹೆಸರಿನಲ್ಲಿ ಜನ ಮುಪ್ಪಾಗುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಹೋದಲ್ಲೆಲ್ಲ ಚಂಪವ್ವ ಅಂದಳು. ಗಿರಣಿಗೆ ಚಂಪವ್ವ, ಬಳೆಗಾರನಿಗೆ ಚಂಪವ್ವ, ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ ಚಂಪವ್ವ. ಆಕೆಗೆ ಪದ್ಧತಿ ಗೊತ್ತಿದೆಯೆಂದು ನಾನು ತಿಳಿದಿದ್ದೆ. ನನಗೆ ತಿಳಿಯುವ ಹೊತ್ತಿಗೆ ಆ ಹೆಸರು ಊರೆಲ್ಲ ತಿರುಗಿ ಬಂದಿತ್ತು. ಕೂರಿಸಿಕೊಂಡು ಹೇಳಿದರೆ ಆಕೆ ನಕ್ಕಳು.

"ಇಷ್ಟ ಹೆಸರ ಇಟಗೊಂಡ್ರ ನೀವು ಯಾರಂತ ನಿಮಗ ನೆನಪಿರತೈತೇನ್ರಿ ಅತ್ತಿ?"

"ನಾ ಯಾರಂತ ನನಗ ಗೊತ್ತೈತಿ. ಕರಿಯಾವ್ರು ಯಾರಂತ ಗೊತ್ತಾಗಬೇಕಲ್ಲ."

ಆಗ ಅದು ಆಕೆಯ ತಲೆಗೆ ಹೋಗಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಹೋಯಿತು. ಎಲ್ಲಿಂದ ಸೋರಿತೋ, ಯಾರು ಯಾರಿಗೆ ಕೊಟ್ಟರೋ, ಒಂದೇ ಹೆಸರು ಎಲ್ಲರ ಹತ್ತಿರ ಇದ್ದಾಗ ಯಾರನ್ನೆಂದು ಕೇಳುವುದು? ಮೊದಲು ಪೊರಕೆ ಮಾರುವವನು ಕರೆದ. ಆಮೇಲೆ ಹಲ್ಲುಪುಡಿಯವನು, ಗಾದಿಯವನು, ನಿಮ್ಮ ಹಿತ್ತಲಲ್ಲಿ ನಿಧಿ ಇದೆ ಎನ್ನುವವನು, ನಿಮಗೆ ಶನಿ ಹಿಡಿದಿದೆ ಬಿಡಿಸುತ್ತೇನೆ ಎನ್ನುವವನು. ರೊಟ್ಟಿ ತಟ್ಟುವಾಗ ಚಂಪವ್ವ, ಎಣ್ಣೆ ಹಚ್ಚಿ ತಲೆ ಬಾಚಿಕೊಳ್ಳುವಾಗ ಚಂಪವ್ವ, ಹಾಸಿಗೆ ಹಾಸಿ ಮಲಗಿದರೆ ಚಂಪವ್ವ. ಆಕೆ ಒಂದಕ್ಕೂ ಸುಮ್ಮನಿರದೆ ಎಲ್ಲದಕ್ಕೂ ಓ ಅನ್ನುತ್ತಿದ್ದಳು. ಮಾರುವವರ ಲೋಕದಲ್ಲಿ ಓ ಅನ್ನುವ ಹೆಸರೆಂದರೆ ಹಣ್ಣು ಬಿಟ್ಟ ಮರವಿದ್ದ ಹಾಗೆ, ಒಬ್ಬ ಕಲ್ಲು ಹೊಡೆದು ಹೋದರೆ ಇನ್ನೊಬ್ಬನಿಗೆ ದಾರಿ ಹೇಳಿ ಹೋಗುತ್ತಾನೆ.

ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಹಿತ್ತಲಲ್ಲಿ ಹಂಡೆಗಳು ಕುದಿಯುತ್ತಿರುತ್ತವೆ. ನೂಲನ್ನು ಕೋಲಿಗೆ ಹಾಕಿ ಬಿಡದೆ ತಿರುವುತ್ತಿರಬೇಕು, ಒಂದು ಗಳಿಗೆ ಕೈ ನಿಂತರೆ ಬಣ್ಣ ಒಂದೆಡೆ ಕಟ್ಟಿ ಕಲೆಯಾಗುತ್ತದೆ. ಸೊಸೆಯ ಕೈಯ ನೂಲು ಕಲೆ ಕಲೆಯಾಗಿ ಬರತೊಡಗಿತು. ನನ್ನ ಮಗ ಮಾತು ಕಡಿಮೆಯವನು, ಕೆಟ್ಟ ನೂಲನ್ನು ಎತ್ತಿ ಬದಿಗೆ ಹಾಕುತ್ತಿದ್ದ, ಅಷ್ಟೇ. ಒಂದು ಮಧ್ಯಾಹ್ನ ಆಕೆ ಕುದಿಯುವ ಹಂಡೆಯ ಮುಂದೆ ನಿಂತಿದ್ದಾಗ ಕರೆ ಬಂತು. ಗಕ್ಕನೆ ತಿರುಗಿದಳು, ಕೋಲು ಜಾರಿತು, ಕುದಿಯುವ ಕೆಂಪು ನೀರು ಮೊಣಕೈವರೆಗೆ ಚಿಮ್ಮಿತು. ಅಷ್ಟು ಉರಿಯಲ್ಲೂ ಆಕೆ ಮೊದಲು ಮಾಡಿದ್ದು ಓ ಅಂದದ್ದು. ಕರೆದವನು ಜರಡಿ ಮಾರುವವನಾಗಿದ್ದ.

ಲೋಳೆಸರ ಹಚ್ಚುತ್ತ ಕೇಳಿದೆ, "ಯಾಕವ್ವಾ ಎಲ್ಲಾರಿಗೂ ಓ ಅಂತಿ? ಒಂದೊಂದು ಬಿಟ್ಟಬಿಡು, ಇರುವಿ ತಾನ ದಣಿದು ಸುಮ್ಮನಾಗತೈತಿ."

ಆಕೆ ಹೇಳಿದಳು, "ಅದರಾಗ ಒಂದು ನಮ್ಮವ್ವ ಕರದದ್ದು ಇದ್ರ ಅತ್ತಿ?"

ಹೆತ್ತ ತಾಯಿಯ ಹೆಸರು ಹಿಡಿದು ಮಕ್ಕಳು ಕೂಗುವಂತಿಲ್ಲ, ಅದು ನಮ್ಮಲ್ಲಿಯೂ ಇಲ್ಲ, ಅವರಲ್ಲಿಯೂ ಇಲ್ಲ. ತಾಯಿಯೇ ಕರೆಯಬೇಕು, ಮಗಳು ಕಾಯಬೇಕು. ಆಕೆಯ ತಾಯಿಗೆ ವರ್ಷದಿಂದ ಮರೆವು. ಉಂಡದ್ದು ಮರೆಯುತ್ತಾಳೆ, ಬಾಗಿಲು ಯಾವ ಕಡೆ ಎಂಬುದು ಮರೆಯುತ್ತಾಳೆ. ಆಕೆಯ ಹತ್ತಿರ ಮಗಳನ್ನು ಕರೆಯಲು ಉಳಿದದ್ದು ಚಂಪವ್ವ ಎನ್ನುವ ಒಂದೇ ಹೆಸರು. ಈಚೆಗೆ ಬಹಳ ದಿನದಿಂದ ತಾಯಿಯ ಕರೆ ಸಿಕ್ಕಿರಲಿಲ್ಲ. ಈ ಸಂತೆಯ ಗದ್ದಲದಲ್ಲಿ ಎಲ್ಲೋ ತಪ್ಪಿಹೋಗುತ್ತಿದೆ, ತಾನು ಓ ಅನ್ನದೆ ಬಿಟ್ಟ ಒಂದು ಕೂಗು ಅದೇ ಆಗಿದ್ದರೆ ಎಂದು ಹುಡುಗಿ ಒಂದನ್ನೂ ಬಿಡುತ್ತಿರಲಿಲ್ಲ.

ಮೊದಲು ಊರಿನ ಬಾಗಿಲುಗಳನ್ನಾದರೂ ಸರಿ ಮಾಡೋಣ ಎಂದೆ. ಕೈ ಸ್ವಲ್ಪ ಮಾಗಿದ ಮೇಲೆ ಇಬ್ಬರೂ ಹೊರಟೆವು. ಗಿರಣಿಯವನು ಹಿಟ್ಟು ಮೆತ್ತಿದ ಹುಬ್ಬನ್ನು ಏರಿಸಿ ಹೊಸ ಹೆಸರು ಕೇಳಿದ. ಹುಡುಗಿ ಒಂದು ಹೂವಿನ ಹೆಸರು ಹೇಳಿದಳು. ಅವನು ಹಾಗೆ ಕರೆದ. ಆಕೆ ನಾಚಿ ನೆಲ ನೋಡುತ್ತ ನಿಂತಳು.

"ಓ ಅನ್ನವಾ ತಂಗಿ. ಹಿಟ್ಟಿನ ಹೆಸರಿಗೆ ಮದಲಗಿತ್ತಿ ಹಂಗ ನಾಚತಾರೇನ?" ಎಂದ ಗಿರಣಿಯವನು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಆಕೆ ನಗುತ್ತಲೇ ಓ ಅಂದಳು.

ಬಳೆಗಾರನಿಗೆ ಇನ್ನೊಂದು ಹೂವು, ಕಟ್ಟಿಗೆ ಅಡ್ಡೆಗೆ ಮತ್ತೊಂದು ಹೂವು. ಆಗ ತಡೆದೆ. "ಹೂವಿನ ಸರಾ ಕಟ್ಟಬ್ಯಾಡ. ಒಂದ ಎಳಿ ಸಿಕ್ರ ಪೂರಾ ಸರಾ ಜಗ್ಗತಾರ. ಒಂದು ಹೂವಿರಲಿ, ಒಂದು ಹೊಳಿ ಇರಲಿ, ಒಂದು ಮುದುಕಿ ಹೆಸರಿರಲಿ." ಹಾಗಾಗಿ ಅಡ್ಡೆಯ ಹೂವನ್ನು ಅವತ್ತೇ ಉಪ್ಪು ಹಾಕಿ ತೆಗೆದು, ಅಲ್ಲಿ ಆಕೆಗೆ ಒಂದು ಅಜ್ಜಿಯ ಹೆಸರು ಕೊಟ್ಟೆವು. ಅಡ್ಡೆಯವನು ಈಗಲೂ ಆ ಹೆಸರು ಹಿಡಿದು, ಕಟ್ಟಿಗೆ ಬಂದಿದೆ ಎಂದು ಬಹಳ ಮರ್ಯಾದೆಯಿಂದ ಹೇಳುತ್ತಾನೆ.

ಊರಿನ ಬಾಗಿಲುಗಳೆಲ್ಲ ಮುಗಿದವು. ಉಳಿದದ್ದು ಹಳೆಯ ಚಂಪವ್ವ. ಅದರ ಒಂದು ತುದಿಯಲ್ಲಿ ಮಾರುವವರು, ಇನ್ನೊಂದು ತುದಿಯಲ್ಲಿ ತಾಯಿ.

ಮಗ ಅಂದ, "ಉಪ್ಪ ಹಾಕಿಬಿಡ ಅನ್ನವಾ ಆಕಿಗೆ. ಆಕಿ ಅವ್ವಗೊಂದು ಹೊಸ ಹೆಸರ ಕಲಸೋಣಂತ."

"ಉಂಡೇನ ಇಲ್ಲೋ ಅನ್ನೂದ ನೆನಪಿಲ್ಲದಾಕಿಗೆ ಹೊಸ ಹೆಸರ ನೆನಪಿರತೈತೇನ್ರಿ?" ಎಂದಳು ಸೊಸೆ. ಆಕೆ ಅವನ ಕಡೆ ಬೆನ್ನು ಮಾಡಿ ಜರಡಿಯವನಿಗೋ ಪೊರಕೆಯವನಿಗೋ ಓ ಅನ್ನುತ್ತ ಹಿತ್ತಲಿಗೆ ಹೋದಳು. ಆಕೆಯ ಕಣ್ಣ ಕೆಳಗೆ ಕಪ್ಪಾಗಿತ್ತು. ಇನ್ನೊಂದು ಸಲ ಹಂಡೆ ಉಕ್ಕಿದರೆ ಬರೀ ಕೈಗೆ ನಿಲ್ಲಲಿಕ್ಕಿಲ್ಲ ಎನಿಸಿತು ನನಗೆ. ಹೆಸರು ಬಿಟ್ಟರೆ ಹುಡುಗಿಗೆ ತಾಯಿ ಇಲ್ಲ, ಇಟ್ಟುಕೊಂಡರೆ ಹುಡುಗಿಯೇ ಉಳಿಯುವುದಿಲ್ಲ.

"ಏಳು, ನಿಮ್ಮವ್ವನ ಕಡಿ ಹೋಗೂಣು," ಅಂದೆ.

ಹೊಳೆಯ ಮೇಲಕ್ಕೆ ದೋಣಿಯಲ್ಲಿ ಅರ್ಧ ದಿನದ ದಾರಿ. ದಾರಿಯುದ್ದಕ್ಕೂ ಆಕೆ ಓ ಅನ್ನುತ್ತಲೇ ಇದ್ದಳು. ಬ್ಯಾಡ್ರಿ, ಬ್ಯಾಡಪ್ಪಾ, ನಮ್ಮ ಮನ್ಯಾಗ ಐತಿ, ಬ್ಯಾಡ. ಅಂಬಿಗ ಹುಟ್ಟು ನಿಲ್ಲಿಸಿ ಕೇಳಿದ, "ಹುಟ್ಟ ಹಾಕಾಂವ ನಾನು, ದಣಿಯಾಕಿ ನೀನು. ಇದ್ಯಾವ ನ್ಯಾಯ ತಂಗಿ?" ಆಕೆಗೆ ನಗಲೂ ತ್ರಾಣವಿರಲಿಲ್ಲ.

ಮನೆಯ ಮುಂದಿನ ಕಟ್ಟೆಯ ಮೇಲೆ ತಾಯಿ ಕುಳಿತಿದ್ದಳು. ಸಣ್ಣ ಮೈಯ ಮುದುಕಿ, ನನಗಿಂತ ಚಿಕ್ಕವಳೇ. ಹೊಳೆಯ ಕಡೆ ಮುಖ ಮಾಡಿ, ಎರಡೂ ಅಂಗೈಯನ್ನು ಬಾಯಿಯ ಸುತ್ತ ಹಿಡಿದು ಒಂದು ಹೆಸರು ಕೂಗುತ್ತಿದ್ದಳು. ಅದು ಚಂಪವ್ವ ಆಗಿರಲಿಲ್ಲ. ನನ್ನ ಸೊಸೆಯ ಕಿವಿಯಲ್ಲಿ ಆಗ ಏನೂ ಹರಿದಾಡಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು.

ಸೊಸೆಯ ಅಣ್ಣನ ಹೆಂಡತಿ ಹೊರಗೆ ಬಂದಳು. ನನಗೆ ನೀರು ಕೊಟ್ಟು, ಹುಡುಗಿಯ ಸುಟ್ಟ ಕೈ ಹಿಡಿದು ನೋಡಿದಳು.

"ವೈನಿ, ಅವ್ವ ಯಾರನ್ನ ಕೂಗತಾಳ?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರ ಅಕ್ಕನ್ನ. ಹೊತ್ತ ಹುಟ್ಟಿದ್ರಿಂದ ಮುಣಗೂತನಕ ಅದ ಒಂದ ಹೆಸರು. ನಾ ನಿನ್ನ ಕರದಾಗೆಲ್ಲ ಅವ್ವ ಆರಾಮ ಅದಾಳ ಅಂತ ಹೇಳೀನಿ. ಆರಾಮ ಇದ್ದದ್ದು ಖರೇನ. ಇದೊಂದು ಹೇಳಾಕ ಬಾಯಿ ಬರಲಿಲ್ಲ."

"ನನ್ನ ಹೆಸರು?"

"ಸುಗ್ಗಿ ಮುಗದ ಮ್ಯಾಲ ನಾ ಕೇಳಿಲ್ಲ ತಂಗಿ."

ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಸುಗ್ಗಿಯಿಂದ ಈಚೆಗೆ ಎಷ್ಟು ಓ ಅಂದಿದ್ದಳೋ, ಅದರಲ್ಲಿ ಒಂದೂ ತಾಯಿಗೆ ತಲುಪಿರಲಿಲ್ಲ, ತಾಯಿ ಕರೆದೇ ಇರಲಿಲ್ಲ. ಮುದುಕಿ ತಿರುಗಿ ನೋಡಿದಳು. ಆಕೆಯ ಮುಖ ಅರಳಿತು.

"ಅಕ್ಕಾ, ಎಲ್ಲಿ ಹೋಗಿದ್ದಿ? ಕೂಗಿ ಕೂಗಿ ನನ್ನ ಗಂಟಲ ಹರದು ಹೋತ."

"ಅವ್ವಾ, ನಾ ನಿನ್ನ ಮಗಳು. ಚಂಪವ್ವ."

"ಚಂಪವ್ವ ಯಾರು?" ಮುದುಕಿ ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು, "ಈ ಹುಡುಗಿ ಯಾರ ಪೈಕಿ?" ಮುಖದ ಬೆಳಕು ಹೋಗಿತ್ತು. ಮತ್ತೆ ಹೊಳೆಯ ಕಡೆ ತಿರುಗಿ ಕೂಗತೊಡಗಿದಳು.

ನನ್ನ ಸೊಸೆ ಹಿತ್ತಲಿಗೆ ಹೋದಳು. ನಾನು ಸ್ವಲ್ಪ ಹೊತ್ತು ಬಿಟ್ಟು ಹೋದೆ. ಒಣಗಲು ಹಾಕಿದ ಕುಳ್ಳಿನ ಹತ್ತಿರ ನಿಂತು ಅಳುತ್ತಿದ್ದಳು. ಅಳುವಿನ ನಡುವೆ ಎರಡು ಸಲ ಮಾರುವವರಿಗೆ ಓ ಅಂದಳು. ಬಾಯಿಗೆ ರೂಢಿಯಾಗಿಬಿಟ್ಟಿತ್ತು.

ಆ ಅಕ್ಕನ ಬಗ್ಗೆ ವೈನಿ ನನಗೆ ಹೇಳಿದ್ದಳು. ಮದುವೆಗೆ ಮುಂಚೆಯೇ ಜ್ವರದಲ್ಲಿ ತೀರಿಕೊಂಡ ಹುಡುಗಿ. ಚಿಕ್ಕವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಸತ್ತವರ ಹೆಸರು ಯಾರ ಕಿವಿಯಲ್ಲೂ ಹರಿಯುವುದಿಲ್ಲ, ಅದು ಖಾಲಿ ಮನೆಯಿದ್ದ ಹಾಗೆ. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅದೀಗ ಖಾಲಿಯಿಲ್ಲ.

"ಆ ಹೆಸರಿಗೆ ಓ ಅನ್ನು," ಅಂದೆ.

ಆಕೆಗೆ ತಿಳಿಯಿತು. "ಅವ್ವಗ ಸುಳ್ಳ ಹೇಳಲೇನ್ರಿ ಅತ್ತಿ?"

"ಗಿರಣಿಯಾಂವಗ ಹೇಳಿದಿ. ಬಳಿಗಾರಗ ಹೇಳಿದಿ."

"ಅವರು ಹೊರಗಿನಾವ್ರು. ಇಕಿ ನಮ್ಮವ್ವ."

"ಅವರಿಗೆ ನೀ ಕೊಟ್ಟ ಹೆಸರವ್ವಾ. ಇದು ಆಕಿ ನಿನಗ ಕೊಡಾಕ ಹತ್ತಿದ್ದು. ಮೊದಲನೇದೂ ಆಕೀನ ಕೊಟ್ಟಿದ್ಲು. ಅದು ಆಕಿ ಕೈಯಾಗಿಂದ ಜಾರಿ ಬಿತ್ತು, ಹುಡುಕ್ಯಾಡಿ ಇನ್ನೊಂದ ತಂದಾಳ. ತಗೊಳ್ಳಾಕ ನಿನಗ್ಯಾಕ ಇಷ್ಟ ಬಿಂಕ?"

ಆಕೆ ಮುಖ ತೊಳೆದುಕೊಂಡು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಲು ಕುಳಿತಳು. ನಾನೂ ಒತ್ತಾಯ ಮಾಡಲಿಲ್ಲ. ನೂಲಿಗೆ ಬಣ್ಣ ಹಿಡಿಯುವ ತನಕ ಕಾಯಬೇಕು, ಕೋಲಿನಿಂದ ಚುಚ್ಚಿದರೆ ಬೇಗ ಹಿಡಿಯುವುದಿಲ್ಲ.

ಹೊತ್ತು ಇಳಿಯುತ್ತಿತ್ತು. ಕಟ್ಟೆಯ ಮೇಲೆ ಮುದುಕಿ ಕೂಗುತ್ತಲೇ ಇದ್ದಳು, ದನಿ ಒಡೆದಿತ್ತು. ಒಂದು ಕೂಗು, ಕಿವಿಗೊಟ್ಟು ಸ್ವಲ್ಪ ಸುಮ್ಮನೆ, ಮತ್ತೆ ಒಂದು ಕೂಗು. ಆ ಸುಮ್ಮನಿರುವುದೇ ಕೇಳಲು ಕಷ್ಟವಾಗುತ್ತಿತ್ತು. ಅಂಥ ಒಂದು ಬಿಡುವಿನಲ್ಲಿ, ಹಿಟ್ಟಿನ ಕೈಯಲ್ಲೇ, ಪರಾತದಿಂದ ತಲೆಯೆತ್ತದೆ ನನ್ನ ಸೊಸೆ ಅಂದಳು, "ಓ."

ಹೊರಗೆ ಕಟ್ಟೆಯ ಮೇಲೆ ಬಳೆಯ ಸಪ್ಪಳವಾಯಿತು.

"ಅಕ್ಕಾ?"

"ಓ."

"ಅಷ್ಟೊತ್ತಿಂದ ಕರಿಯಾಕ ಹತ್ತೀನಿ, ಕಿವಿಗೆ ಬೆಣಿ ಬಡಕೊಂಡಿದ್ದೇನ?"

"ಕೆಲಸದಾಗಿದ್ದೆ."

"ಉಂಡೇನ?"

"ಉಂಡೆ."

"ನನ್ನ ಬಿಟ್ಟ ಉಂಡೇನ?" ಮುದುಕಿಯ ದನಿ ಚಿಕ್ಕ ಹುಡುಗಿಯ ತಕರಾರಿನ ದನಿಯಾಗಿತ್ತು. ವೈನಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಸೊಸೆಯೂ ನಕ್ಕಳು, ಕಣ್ಣೀರು ಹಿಟ್ಟಿನೊಳಗೇ ಬಿತ್ತು. "ಇಲ್ಲ, ನಿನಗ ಬಿಸಿ ರೊಟ್ಟಿ ಮಾಡಾಕ ಹತ್ತೀನಿ," ಎಂದಳು. ಮುದುಕಿ ಎರಡು ರೊಟ್ಟಿ ತಿಂದು, ಗೋಡೆಗೆ ಒರಗಿ, ಮತ್ತೆ ಕೂಗದೆ ನಿದ್ದೆ ಹೋದಳು. ಈ ಹೊತ್ತಿಗೆ ಆಕೆ ಸುಮ್ಮನೆ ಮಲಗಿದ್ದನ್ನು ನೋಡಿ ಬಹಳ ದಿನವಾಯಿತು ಎಂದು ವೈನಿ ಹೇಳಿದಳು.

ಮರುದಿನ ಬೆಳಿಗ್ಗೆ ಹುಡುಗಿ ವೈನಿಗೆ ಬೇರೆಯದೇ ಒಂದು ಹೆಸರು ಕೊಟ್ಟು, ಅವಳಿಂದ ಒಂದು ಸಲ ಕರೆಸಿಕೊಂಡು ಓ ಅಂದಳು. ಇನ್ನು ಸುದ್ದಿಗೆ ಒಂದು ಬಾಗಿಲು, ತಾಯಿಗೆ ಒಂದು ಬಾಗಿಲು. ಆಮೇಲೆ ತಾನೇ ಅಡುಗೆ ಮನೆಯ ಗಡಿಗೆಯಿಂದ ಉಪ್ಪು ತೆಗೆದುಕೊಂಡು ಹೊಳೆಗೆ ಇಳಿದಳು. ನಾನು ಮೇಲಿನ ಮೆಟ್ಟಿಲ ಮೇಲೆ ನಿಂತೆ. ಉಪ್ಪು ನಾಲಿಗೆಗೆ ಇಟ್ಟುಕೊಂಡವಳು ಗಕ್ಕನೆ ತಲೆ ಓರೆ ಮಾಡಿದಳು. ಯಾರೋ ಕರೆದಿರಬೇಕು. ಒಂದು ಕ್ಷಣ ಓ ಅಂದಾಳು ಎಂದುಕೊಂಡೆ. ಅನ್ನಲಿಲ್ಲ. ಚಂಪವ್ವ, ಎಂದು ಸ್ಪಷ್ಟವಾಗಿ ಹೇಳಿ ನೀರಿಗೆ ಉಗುಳಿದಳು.

ಬಿಗಿಯಾಗಿ ಜಗ್ಗಿ ಹಿಡಿದ ಹಗ್ಗ ಕಡಿದಾಗ ಎತ್ತು ಹೇಗೆ ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತದೋ, ಹಾಗೆ ಆಕೆಯ ಮೈ ಸ್ವಲ್ಪ ಮುಂದಕ್ಕೆ ವಾಲಿ ನಿಂತಿತು. ನೀರಿನಲ್ಲೇ ಬಹಳ ಹೊತ್ತು ನಿಂತಳು.

"ಅತ್ತಿ," ಎಂದು ಕರೆದಳು, "ಹೊಳಿ ಸಪ್ಪಳ ಇಷ್ಟ ದೊಡ್ಡದು ಇತ್ತೇನ್ರಿ?"

"ಮೊದಲಿಂದಾನೂ ಇತ್ತವ್ವಾ."

ಮರಳಿ ಬರುವಾಗ ದೋಣಿಯಲ್ಲಿ ಆಕೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅಂಬಿಗ ಹಾಡುತ್ತಿದ್ದವನು ಅದನ್ನು ನೋಡಿ ಹಾಡು ನಿಲ್ಲಿಸಿದ. ಊರಿನ ದಂಡೆ ಮುಟ್ಟಿದರೂ ಏಳಲಿಲ್ಲ. ಎಬ್ಬಿಸಲು ಮನಸ್ಸಾಗದೆ ನಾವಿಬ್ಬರೂ ಅಲ್ಲೇ ಕುಳಿತೆವು, ಅವನು ಎಲೆಯಡಿಕೆ ಕೊಟ್ಟ.

ಈಗ ಆಕೆಯ ನೂಲಿನಲ್ಲಿ ಕಲೆಯಿಲ್ಲ. ಗಾದಿಯವನೂ ಜರಡಿಯವನೂ ಎಲ್ಲೋ ಕುಳಿತು ಇನ್ನೂ ಚಂಪವ್ವನನ್ನು ಕೂಗುತ್ತಿರಬಹುದು, ಕೂಗಲಿ. ನನ್ನ ಮಗನಿಗೆ ಮಾತ್ರ ಹೊರಗೆ ಹೋದಾಗ ಹೆಂಡತಿಯನ್ನು ಏನೆಂದು ಕರೆಯಬೇಕೆಂದು ಸ್ವಲ್ಪ ದಿನ ತಿಳಿಯಲಿಲ್ಲ. ಆಮೇಲೆ ಇಬ್ಬರೂ ಸೇರಿ ಏನೋ ಒಂದು ಮಾಡಿಕೊಂಡಿದ್ದಾರೆ, ಅದು ನನಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಮೊನ್ನೆ ಹಿತ್ತಲಲ್ಲಿ ಇಬ್ಬರೂ ಹಂಡೆಯ ಮುಂದೆ ಇದ್ದೆವು. ನೂಲು ತಿರುವುತ್ತಿದ್ದವಳ ಕತ್ತು ಮೆಲ್ಲಗೆ ಹೊರಳಿತು. ಬೆಚ್ಚಲಿಲ್ಲ, ಕೋಲನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟಳು. ಕೆಂಪಾದ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಕಲ್ಲಿನ ಮೇಲೆ ಕುಳಿತು, ಕಾಲು ಚಾಚಿದಳು. ಇಷ್ಟು ದಿನ ತಾಯಿಯ ಕರೆಗೆ ಓ ಅನ್ನುತ್ತಿದ್ದಳು, ತಂಗಿ ಅನ್ನಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಅವತ್ತು ಎದ್ದಿತು.

"ಓ," ಎಂದಳು. "ಹೇಳ ತಂಗಿ, ಕೇಳಾಕ ಹತ್ತೀನಿ."

ಮಾತು ಬೇಗ ಮುಗಿಯುವಂತೆ ಕಾಣಲಿಲ್ಲ. ನಾನು ಹಂಡೆಯ ಕೆಳಗಿನ ಒಂದು ಕಟ್ಟಿಗೆಯನ್ನು ಹಿಂದಕ್ಕೆ ಎಳೆದು ಉರಿ ಸಣ್ಣ ಮಾಡಿದೆ.